ನ್ಯಾಟೊ–ರಷ್ಯಾ ಸಹಕಾರ: ಐದು ದಾರಿಗಳು, ಅವುಗಳ ಬೆಲೆ ಮತ್ತು ಬಾಳಿಕೆ

ಉಕ್ರೇನ್ ಯುದ್ಧ ಇಂದಲ್ಲ ನಾಳೆ ಒಂದಲ್ಲ ಒಂದು ರೂಪದಲ್ಲಿ ನಿಲ್ಲಲೇಬೇಕು. ಅದು ಬರಿಯ ಕದನವಿರಾಮವಾಗಿ ನಿಂತರೂ, ಒಪ್ಪಂದವಾಗಿ ಮುಗಿದರೂ, 32 ರಾಷ್ಟ್ರಗಳ ನ್ಯಾಟೊ ಮೈತ್ರಿಕೂಟವೂ, ಅದು ಯಾರನ್ನು ಎದುರಿಸಲೆಂದು 1949ರಲ್ಲಿ ಹುಟ್ಟಿತೋ ಆ ಸೋವಿಯತ್ ಒಕ್ಕೂಟದ ಉತ್ತರಾಧಿಕಾರಿಯಾದ ರಷ್ಯಾವೂ ಮುಂದೆ ಯಾವ ಬಗೆಯ ಸಂಬಂಧ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಮತ್ತೆ ಎದುರಾಗುತ್ತದೆ. 2025ರ ನವೆಂಬರ್‌ನಲ್ಲಿ ಬಹಿರಂಗವಾದ ಅಮೆರಿಕದ 28 ಅಂಶಗಳ ಶಾಂತಿ ಕರಡಿನಲ್ಲಿಯೇ ರಷ್ಯಾ ಮತ್ತು ನ್ಯಾಟೊ ನಡುವೆ ಅಮೆರಿಕದ ಮಧ್ಯಸ್ಥಿಕೆಯಲ್ಲಿ ಮಾತುಕತೆ ನಡೆಯಬೇಕೆಂಬ ಅಂಶವಿತ್ತು. ಮೈತ್ರಿಕೂಟದ ಅತಿದೊಡ್ಡ ಸದಸ್ಯನೇ ಆ ಕೂಟಕ್ಕೂ ಅದರ ಎದುರಾಳಿಗೂ ನಡುವೆ ಮಧ್ಯಸ್ಥನಾಗಿ ಕೂರುವುದು ಹೇಗೆ ಎಂಬುದನ್ನು ಮಾತ್ರ ಆ ಕರಡು ವಿವರಿಸಲಿಲ್ಲ.

ಇದು ದೂರದ ಯುರೋಪಿನ ಜಗಳ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 2022ರ ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದವರಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿಯೂ ಇದ್ದ. ಕಪ್ಪು ಸಮುದ್ರದ ಬಂದರುಗಳು ಮುಚ್ಚಿದ ವಾರಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ನಮ್ಮ ಅಡುಗೆಮನೆಗಳಲ್ಲೂ ಏರಿತು. ಆದ್ದರಿಂದ ಮುಂದಿನ ದಿನಗಳಲ್ಲಿ ಒಂದರ ಹಿಂದೊಂದು ಬರಲಿರುವ ಸಹಕಾರದ ಪ್ರಸ್ತಾಪಗಳನ್ನು ಹೇಗೆ ತೂಗಿ ನೋಡಬೇಕು ಎಂಬುದಕ್ಕೆ ಒಂದು ಅಳತೆಗೋಲು ಬೇಕು. ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತಿರುವ ವಿದ್ಯಾರ್ಥಿಗಳಿಗೂ, ಸುದ್ದಿಯನ್ನು ಗಂಭೀರವಾಗಿ ಹಿಂಬಾಲಿಸುವ ಸಾಮಾನ್ಯ ಓದುಗರಿಗೂ ಅದನ್ನು ಒದಗಿಸುವುದು ಈ ಬರಹದ ಉದ್ದೇಶ.

ಸ್ಥೂಲವಾಗಿ ಐದು ದಾರಿಗಳಿವೆ: ರಷ್ಯಾವನ್ನು ಮೈತ್ರಿಕೂಟದೊಳಗೇ ಸೇರಿಸಿಕೊಳ್ಳುವುದು, ಹೊರಗಿಟ್ಟು ಸಮಾಲೋಚನಾ ಮಂಡಳಿಯೊಂದರಲ್ಲಿ ಸಮಾನ ಸ್ಥಾನ ಕೊಡುವುದು, ದೊಡ್ಡ ಮಾತುಗಳನ್ನು ಬಿಟ್ಟು ನಿರ್ದಿಷ್ಟ ಕೆಲಸಗಳಲ್ಲಿ ಕೈಜೋಡಿಸುವುದು, ಸಹಕಾರವೆಂಬ ಹೆಸರನ್ನೂ ಬಿಟ್ಟು ಅಪಘಾತ ಮತ್ತು ತಪ್ಪು ತಿಳಿವಳಿಕೆಯಿಂದ ಯುದ್ಧ ಹೊತ್ತಿಕೊಳ್ಳದಂತೆ ನಿಯಮಗಳನ್ನು ಮಾಡಿಕೊಳ್ಳುವುದು, ಏನನ್ನೂ ಮಾಡದೆ ಕೇವಲ ಸೇನಾಬಲದಿಂದ ತಡೆದು ನಿಲ್ಲಿಸುವುದು. ಇವುಗಳಲ್ಲಿ ನನ್ನ ಒಲವು ನಾಲ್ಕನೆಯದರ ಕಡೆಗಿದೆ. ಷರತ್ತುಗಳೊಂದಿಗೆ ಮೂರನೆಯದೂ ಅದರ ಜೊತೆ ಸಾಗಬಹುದು. ಕಳೆದ ಮೂರು ದಶಕಗಳಲ್ಲಿ ಎತ್ತರದ ವೇದಿಕೆಯಲ್ಲಿ ಕಟ್ಟಿದ್ದು ಅಗತ್ಯ ಬಿದ್ದ ಗಳಿಗೆಯಲ್ಲೇ ಕುಸಿಯಿತು. ನೌಕಾಪಡೆಯ ಕ್ಯಾಪ್ಟನ್‌ಗಳು, ಮುಳುಗುಗಾರರು, ಮೀನುಗಾರಿಕಾ ಅಧಿಕಾರಿಗಳ ಮಟ್ಟದಲ್ಲಿ ಕಟ್ಟಿದ್ದು ಮಾತ್ರ ಹೆಚ್ಚು ಕಾಲ ಉಳಿಯಿತು.

ತೂಗಿ ನೋಡಲು ಕೇಳಬೇಕಾದ ಪ್ರಶ್ನೆಗಳು

ಯಾವುದೇ ಪ್ರಸ್ತಾಪ ಬಂದಾಗ ಮೊದಲು ಕೇಳಬೇಕಾದದ್ದು, ಅದು ನಂಬಿಕೆ ಇದ್ದರಷ್ಟೇ ನಡೆಯುತ್ತದೆಯೇ ಅಥವಾ ನಂಬಿಕೆ ಇಲ್ಲದಿದ್ದಾಗಲೂ ನಡೆಯುವಂತೆ ರಚಿತವಾಗಿದೆಯೇ ಎಂಬುದು. ಪರಸ್ಪರ ವಿಶ್ವಾಸವನ್ನು ಪೂರ್ವಷರತ್ತಾಗಿ ಇಟ್ಟುಕೊಂಡ ವ್ಯವಸ್ಥೆ, ಆ ವಿಶ್ವಾಸ ಮುರಿದ ದಿನವೇ ನಿರುಪಯುಕ್ತವಾಗುತ್ತದೆ. ಎರಡನೆಯದು ನಿರ್ಣಯದ ಹಕ್ಕಿನ ಪ್ರಶ್ನೆ: ನ್ಯಾಟೊ ಒಮ್ಮತದಿಂದ ನಡೆಯುವ ಕೂಟವಾದ್ದರಿಂದ, ಅದರ ಯಾವುದೇ ಸಭೆಯಲ್ಲಿ ಹೊರಗಿನವರಿಗೆ ಕುರ್ಚಿ ಕೊಟ್ಟಾಗ ಆ ಕುರ್ಚಿಗೆ ಮಾತನಾಡುವ ಹಕ್ಕು ಮಾತ್ರ ಇದೆಯೋ, ತಡೆಯುವ ಹಕ್ಕೂ ಇದೆಯೋ ಎಂಬುದು ಸ್ಪಷ್ಟವಾಗಿರಬೇಕು. ಮೂರನೆಯದು ಹೆಚ್ಚು ಕಹಿಯಾದುದು. ಈ ಒಪ್ಪಂದದ ಬೆಲೆಯನ್ನು ಯಾರು ತೆರುತ್ತಾರೆ? ನ್ಯಾಟೊಗೂ ರಷ್ಯಾಕ್ಕೂ ನಡುವೆ ಇರುವ ಉಕ್ರೇನ್, ಜಾರ್ಜಿಯಾ, ಮಾಲ್ಡೋವಾದಂತಹ ದೇಶಗಳ ತಲೆಯ ಮೇಲಿಂದ ನಡೆಯುವ ವ್ಯವಹಾರ ಕಾಗದದ ಮೇಲೆ ಅಚ್ಚುಕಟ್ಟಾಗಿ ಕಂಡರೂ ನೆಲದ ಮೇಲೆ ನಿಲ್ಲುವುದಿಲ್ಲ.

ಮೊದಲ ದಾರಿ: ಸದಸ್ಯತ್ವ

ಇದನ್ನು ಬೇಗ ಮುಗಿಸಬಹುದು, ಆದರೂ ಇದರ ಇತಿಹಾಸ ಕುತೂಹಲಕರವಾಗಿದೆ. ಸ್ಟಾಲಿನ್ ತೀರಿಕೊಂಡ ಮರುವರ್ಷ, 1954ರ ಮಾರ್ಚ್ 31ರಂದು, ಸೋವಿಯತ್ ಸರ್ಕಾರ ತಾನೂ ನ್ಯಾಟೊ ಸೇರುವುದನ್ನು ಪರಿಶೀಲಿಸಲು ಸಿದ್ಧವೆಂದು ಪಾಶ್ಚಾತ್ಯ ರಾಷ್ಟ್ರಗಳಿಗೆ ಟಿಪ್ಪಣಿ ಕಳುಹಿಸಿತ್ತು. ಮೇ ತಿಂಗಳಲ್ಲಿ ಅದು ತಿರಸ್ಕೃತವಾಯಿತು. ಮರುವರ್ಷ ಪಶ್ಚಿಮ ಜರ್ಮನಿ ನ್ಯಾಟೊ ಸೇರಿದ ಐದೇ ದಿನಗಳಲ್ಲಿ ಸೋವಿಯತ್ ನೇತೃತ್ವದ ಸೇನಾಕೂಟವಾದ ವಾರ್ಸಾ ಒಪ್ಪಂದಕ್ಕೆ ಸಹಿ ಬಿತ್ತು. ಆ ಕೂಟ 1991ರ ಜುಲೈ 1ರಂದು ವಿಸರ್ಜನೆಯಾದ ನಂತರ, ಅದೇ ಡಿಸೆಂಬರ್‌ನಲ್ಲಿ ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ನ್ಯಾಟೊಗೆ ಬರೆದ ಪತ್ರದಲ್ಲಿ ಸದಸ್ಯತ್ವವನ್ನು ದೂರದ ರಾಜಕೀಯ ಗುರಿಯಾಗಿ ಪ್ರಸ್ತಾಪಿಸಿದರು. 2000ದ ಮಾರ್ಚ್‌ನಲ್ಲಿ ಬಿಬಿಸಿ ಸಂದರ್ಶನದಲ್ಲಿ ಇದೇ ಪ್ರಶ್ನೆ ಎದುರಾದಾಗ ವ್ಲಾದಿಮಿರ್ ಪುಟಿನ್ ಕೂಡ ಸಾಧ್ಯತೆಯನ್ನು ತಳ್ಳಿಹಾಕಲಿಲ್ಲ.

ಇಷ್ಟಾದರೂ ಇದು ಎಂದೂ ನಿಜವಾದ ಆಯ್ಕೆಯಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ನ್ಯಾಟೊ ಒಪ್ಪಂದದ 10ನೇ ವಿಧಿಯ ಪ್ರಕಾರ ಹೊಸ ಸದಸ್ಯನನ್ನು ಆಹ್ವಾನಿಸಲು ಎಲ್ಲ ಸದಸ್ಯರ ಒಪ್ಪಿಗೆ ಬೇಕು. 1995ರಲ್ಲಿ ನ್ಯಾಟೊ ಪ್ರಕಟಿಸಿದ ವಿಸ್ತರಣಾ ಅಧ್ಯಯನವು ನೆರೆಯವರೊಂದಿಗಿನ ಗಡಿ ವಿವಾದಗಳನ್ನು ಶಾಂತಿಯುತವಾಗಿ ಬಗೆಹರಿಸಿಕೊಂಡಿರಬೇಕೆಂಬ ನಿರೀಕ್ಷೆಯನ್ನೂ ಮುಂದಿಟ್ಟಿತು. ಮಹಾಶಕ್ತಿಯೆಂಬ ಸ್ಮೃತಿಯಲ್ಲಿರುವ ದೇಶವೊಂದು ಲಕ್ಸೆಂಬರ್ಗ್‌ನ ಸಾಲಿನಲ್ಲಿ ಅರ್ಜಿ ಹಿಡಿದು ನಿಲ್ಲುವುದಿಲ್ಲ; ಪೋಲೆಂಡ್‌ನಂತಹ ದೇಶ ತಾನು ಯಾರಿಗೆ ಹೆದರಿ ಕೂಟ ಸೇರಿತೋ ಅವರಿಗೇ ಬಾಗಿಲು ತೆರೆಯುವುದಿಲ್ಲ. ಚೀನಾ–ರಷ್ಯಾ ಗಡಿಯನ್ನು ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ 5ನೇ ವಿಧಿಯಡಿ ಕಾಯುವ ಹೊಣೆಯನ್ನು ಪೋರ್ಚುಗಲ್ ಹೊರಲು ಒಪ್ಪುತ್ತದೆಯೇ ಎಂದು ಕೇಳಿಕೊಂಡರೆ ಸಾಕು. ಈ ಪ್ರಸ್ತಾಪವನ್ನು ಯಾರಾದರೂ ಮತ್ತೆ ಎತ್ತಿದರೆ, ಅದನ್ನು ಯೋಜನೆಯೆಂದು ಓದದೆ ರಾಜಕೀಯ ಸಂಜ್ಞೆಯೆಂದು ಓದಬೇಕು.

ಎರಡನೆಯ ದಾರಿ: ಸಮಾಲೋಚನಾ ಮಂಡಳಿ

ಹೆಚ್ಚು ಶ್ರಮ ಸುರಿದದ್ದು ಈ ದಾರಿಯಲ್ಲೇ. 1997ರ ಮೇ 27ರಂದು ಪ್ಯಾರಿಸ್‌ನಲ್ಲಿ ಸಹಿಯಾದ ನ್ಯಾಟೊ–ರಷ್ಯಾ ಸ್ಥಾಪನಾ ಒಡಂಬಡಿಕೆ ಎರಡೂ ಕಡೆಯವರನ್ನು ಇನ್ನು ಮುಂದೆ ಎದುರಾಳಿಗಳಲ್ಲವೆಂದು ಘೋಷಿಸಿ, ಶಾಶ್ವತ ಜಂಟಿ ಮಂಡಳಿಯೊಂದನ್ನು ಹುಟ್ಟುಹಾಕಿತು. ಹೊಸ ಸದಸ್ಯ ರಾಷ್ಟ್ರಗಳ ನೆಲದಲ್ಲಿ ಅಣ್ವಸ್ತ್ರ ಇಡುವ ಉದ್ದೇಶವಾಗಲಿ ಯೋಜನೆಯಾಗಲಿ ಕಾರಣವಾಗಲಿ ತನಗಿಲ್ಲ ಎಂದೂ, ಆಗಿನ ಮತ್ತು ಮುಂಗಾಣಬಹುದಾದ ಭದ್ರತಾ ಪರಿಸ್ಥಿತಿಯಲ್ಲಿ ಅಲ್ಲಿ ಗಣನೀಯ ಯುದ್ಧಪಡೆಗಳನ್ನು ಶಾಶ್ವತವಾಗಿ ನೆಲೆಗೊಳಿಸುವುದಿಲ್ಲ ಎಂದೂ ನ್ಯಾಟೊ ಅದರಲ್ಲಿ ಹೇಳಿತು. ‘ಗಣನೀಯ’ ಎಂದರೆ ಎಷ್ಟೆಂದು ಯಾರೂ ಅಂಕಿಯಲ್ಲಿ ಬರೆಯಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2017ರಲ್ಲಿ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಬಾಲ್ಟಿಕ್ ದೇಶಗಳಿಗೂ ಪೋಲೆಂಡ್‌ಗೂ ನಾಲ್ಕು ಬಹುರಾಷ್ಟ್ರೀಯ ಪಡೆಗಳನ್ನು ಸರದಿಯ ಮೇಲೆ ಕಳುಹಿಸುವಾಗ ಆ ಅಸ್ಪಷ್ಟತೆ ನ್ಯಾಟೊಗೆ ಅನುಕೂಲವಾಯಿತು. 2021ರ ಡಿಸೆಂಬರ್‌ನಲ್ಲಿ ರಷ್ಯಾ ಪ್ರಕಟಿಸಿದ ಕರಡು ಒಪ್ಪಂದ ನ್ಯಾಟೊ ಪಡೆಗಳು 1997ರ ಮೇ 27ರ ಸ್ಥಿತಿಗೆ ಮರಳಬೇಕೆಂದು ಕೇಳಿದ್ದೂ ಇದೇ ದಾಖಲೆಯ ದಿನಾಂಕವನ್ನು ಹಿಡಿದೇ.

ಮಂಡಳಿಯ ಮೊದಲ ದೊಡ್ಡ ಪರೀಕ್ಷೆ ಎರಡು ವರ್ಷದೊಳಗೆ ಬಂತು. 1999ರ ಮಾರ್ಚ್ 24ರಂದು ಕೊಸೊವೊ ಬಿಕ್ಕಟ್ಟಿನ ಕಾರಣಕ್ಕೆ ನ್ಯಾಟೊ ಯುಗೊಸ್ಲಾವಿಯಾದ ಮೇಲೆ ಬಾಂಬ್ ದಾಳಿ ಆರಂಭಿಸುವುದು ಖಚಿತವಾದಾಗ, ವಾಷಿಂಗ್ಟನ್‌ಗೆ ಹೊರಟಿದ್ದ ರಷ್ಯಾದ ಪ್ರಧಾನಿ ಯೆವ್ಗೆನಿ ಪ್ರಿಮಕೋವ್ ಅಟ್ಲಾಂಟಿಕ್ ಸಾಗರದ ಮೇಲಿಂದಲೇ ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ರಷ್ಯಾ ಮಂಡಳಿಯಿಂದ ಹೊರನಡೆಯಿತು. ದಾಳಿ 78 ದಿನ ನಡೆಯಿತು; ಅಷ್ಟು ದಿನವೂ ಸಮಾಲೋಚನೆಗೆಂದೇ ಕಟ್ಟಿದ ಮನೆಯಲ್ಲಿ ಸಮಾಲೋಚನೆ ನಡೆಯಲಿಲ್ಲ.

ತಪ್ಪು ರಚನೆಯಲ್ಲಿದೆ ಎಂದು ಆಗ ಭಾವಿಸಲಾಯಿತು. ಜಂಟಿ ಮಂಡಳಿಯಲ್ಲಿ ನ್ಯಾಟೊದ 19 ರಾಷ್ಟ್ರಗಳು ತಮ್ಮತಮ್ಮೊಳಗೆ ನಿಲುವು ತೀರ್ಮಾನಿಸಿಕೊಂಡು ಬಂದು ರಷ್ಯಾದ ಎದುರು ಒಂದೇ ಧ್ವನಿಯಲ್ಲಿ ಮಾತನಾಡುತ್ತಿದ್ದವು ಎಂಬುದು ಮಾಸ್ಕೋದ ದೂರಾಗಿತ್ತು. ಅದರಲ್ಲಿ ಸತ್ಯವೂ ಇತ್ತು. ಹೀಗಾಗಿ 2001ರ ಸೆಪ್ಟೆಂಬರ್ ದಾಳಿಗಳ ನಂತರದ ಹೊಸ ವಾತಾವರಣದಲ್ಲಿ, 2002ರ ಮೇ 28ರಂದು ರೋಮ್ ಬಳಿಯ ಪ್ರಾತಿಕಾ ದಿ ಮಾರೆ ವಾಯುನೆಲೆಯಲ್ಲಿ, 20 ರಾಷ್ಟ್ರಗಳು ಸಮಾನರಾಗಿ ಕೂರುವ ನ್ಯಾಟೊ–ರಷ್ಯಾ ಮಂಡಳಿ ಸ್ಥಾಪನೆಯಾಯಿತು. ರಚನೆ ನಿಜಕ್ಕೂ ಉತ್ತಮವಾಗಿತ್ತು. ಆದರೂ 2008ರ ಆಗಸ್ಟ್‌ನಲ್ಲಿ ರಷ್ಯಾ ಮತ್ತು ಜಾರ್ಜಿಯಾ ನಡುವೆ ಯುದ್ಧ ಆರಂಭವಾದಾಗ ಈ ಸಲ ಸಭೆಗಳನ್ನು ನ್ಯಾಟೊ ನಿಲ್ಲಿಸಿತು. ಮರುವರ್ಷ ಮತ್ತೆ ಶುರುವಾಯಿತು. 2010ರ ನವೆಂಬರ್‌ನಲ್ಲಿ ಲಿಸ್ಬನ್ ಶೃಂಗಸಭೆಗೆ ಬಂದ ಆಗಿನ ರಷ್ಯಾ ಅಧ್ಯಕ್ಷ ದ್ಮಿತ್ರಿ ಮೆದ್ವೆದೇವ್ ಅವರೊಂದಿಗೆ ವ್ಯೂಹಾತ್ಮಕ ಸಹಭಾಗಿತ್ವದ ಮಾತುಗಳಾದವು, ಕ್ಷಿಪಣಿ ರಕ್ಷಣೆಯನ್ನು ಒಟ್ಟಿಗೆ ಕಟ್ಟುವ ಚರ್ಚೆಯೂ ನಡೆಯಿತು. ರಷ್ಯಾಕ್ಕೆ ಬೇಕಾಗಿದ್ದದ್ದು ವಲಯಗಳನ್ನು ಹಂಚಿಕೊಂಡ ಒಂದೇ ವ್ಯವಸ್ಥೆ ಮತ್ತು ಕಾನೂನಿನ ಬಲವಿರುವ ಖಾತರಿ. ನ್ಯಾಟೊ ಬಯಸಿದ್ದು ಮಾಹಿತಿ ಹಂಚಿಕೊಳ್ಳುವ ಎರಡು ಪ್ರತ್ಯೇಕ ವ್ಯವಸ್ಥೆಗಳು. ಚರ್ಚೆ ಅಲ್ಲೇ ಬತ್ತಿಹೋಯಿತು.

2014ರ ಮಾರ್ಚ್‌ನಲ್ಲಿ ಉಕ್ರೇನಿನ ಕ್ರೈಮಿಯಾ ರಷ್ಯಾದ ವಶವಾದ ಬಳಿಕ, ಏಪ್ರಿಲ್ 1ರಂದು ನ್ಯಾಟೊ ವಿದೇಶಾಂಗ ಸಚಿವರು ಎಲ್ಲ ಪ್ರಾಯೋಗಿಕ ಸಹಕಾರವನ್ನು ಅಮಾನತಿನಲ್ಲಿಟ್ಟರು. ರಾಯಭಾರಿಗಳ ಮಟ್ಟದ ಮಾತಿಗೆ ಬಾಗಿಲು ತೆರೆದಿದ್ದರೂ ಸಭೆಗಳು ವಿರಳವಾದವು. 2021ರ ಅಕ್ಟೋಬರ್‌ನಲ್ಲಿ ನ್ಯಾಟೊ ತನ್ನಲ್ಲಿದ್ದ ರಷ್ಯಾ ನಿಯೋಗದ ಎಂಟು ಮಂದಿಯ ಮಾನ್ಯತೆ ರದ್ದುಪಡಿಸಿದಾಗ, ರಷ್ಯಾ ತನ್ನ ನಿಯೋಗವನ್ನೇ ನಿಲ್ಲಿಸಿ ಮಾಸ್ಕೋದಲ್ಲಿದ್ದ ನ್ಯಾಟೊ ಕಚೇರಿಗಳಿಗೂ ಬೀಗ ಹಾಕಿಸಿತು. ಮಂಡಳಿ ಮತ್ತೆ ಸೇರಿದ್ದು 2022ರ ಜನವರಿ 12ರಂದು. ಆರು ವಾರಗಳಲ್ಲಿ ಟ್ಯಾಂಕುಗಳು ಉಕ್ರೇನ್ ಗಡಿ ದಾಟಿದವು.

ಈ ಮಂಡಳಿಗಳನ್ನು ಸಂಪೂರ್ಣ ವ್ಯರ್ಥವೆಂದು ಹೇಳುವವರ ಜೊತೆ ನಾನಿಲ್ಲ. ಸಾಮಾನ್ಯ ದಿನಗಳಲ್ಲಿ ಅವು ಪರಿಚಯಗಳನ್ನು ಬೆಳೆಸಿದವು, ಯಾವ ಕಡತ ಯಾರ ಬಳಿ ಇದೆಯೆಂದು ತಿಳಿಸಿದವು. ಆದರೆ 1999, 2008, 2014 ಮೂರೂ ಸಲ ಬಿಕ್ಕಟ್ಟು ಬಂದಾಗ ಯಾರಾದರೊಬ್ಬರು ಮೊದಲು ಮಾಡಿದ ಕೆಲಸವೆಂದರೆ ಮಂಡಳಿಯನ್ನೋ ಅದರ ಕೆಲಸವನ್ನೋ ನಿಲ್ಲಿಸುವುದು. ಸಭೆ ನಡೆಸುವುದು ಬಹುಮಾನ, ನಿಲ್ಲಿಸುವುದು ಶಿಕ್ಷೆ ಎಂಬ ಲೆಕ್ಕಾಚಾರವೇ ಅದರ ಮೂಲ ದೋಷವಾಗಿತ್ತು. ಮುಂದೆ ಇಂಥ ಮಂಡಳಿಯ ಪ್ರಸ್ತಾಪ ಬಂದರೆ ಅದರ ಅಧಿಕಾರ ವ್ಯಾಪ್ತಿಯನ್ನು ನೋಡುವುದಕ್ಕಿಂತ ಮೊದಲು, ಬಿಕ್ಕಟ್ಟಿನ ದಿನಗಳಲ್ಲಿ ಅದನ್ನು ಸೇರಿಸುವುದು ಕಡ್ಡಾಯವೇ ಎಂದು ನೋಡಬೇಕು.

ಮೂರನೆಯ ದಾರಿ: ಕೆಲಸಕ್ಕೆ ಕಟ್ಟಿದ ಸಹಕಾರ

ಇದರ ಅತ್ಯುತ್ತಮ ಉದಾಹರಣೆ ಬೋಸ್ನಿಯಾ. ಅಲ್ಲಿನ ಯುದ್ಧವನ್ನು ನಿಲ್ಲಿಸಿದ 1995ರ ಡೇಟನ್ ಒಪ್ಪಂದವನ್ನು ಜಾರಿಗೆ ತರಲು ನ್ಯಾಟೊ ನೇತೃತ್ವದಲ್ಲಿ ಸುಮಾರು 60,000 ಸೈನಿಕರ ಪಡೆ ಹೊರಟಾಗ ರಷ್ಯಾ ತಾನೂ ಬರುವೆನೆಂದಿತು, ಆದರೆ ನ್ಯಾಟೊ ಆಜ್ಞೆಯಡಿ ತನ್ನ ಸೈನಿಕರನ್ನು ಇಡಲಾರೆನೆಂದಿತು. ಇಂಥ ಗಂಟನ್ನು ರಾಜಕಾರಣಿಗಳು ವರ್ಷಗಟ್ಟಲೆ ಎಳೆದಾಡಬಹುದಿತ್ತು. ಸೇನಾಧಿಕಾರಿಗಳು ಕೆಲವೇ ವಾರಗಳಲ್ಲಿ ಬಿಡಿಸಿದರು. ರಷ್ಯಾದ ಜನರಲ್ ಲಿಯೊಂತಿ ಶೆವ್ತ್ಸೋವ್ ಬೆಲ್ಜಿಯಂನ ಮೋನ್ಸ್‌ನಲ್ಲಿರುವ ನ್ಯಾಟೊ ಸೇನಾ ಕೇಂದ್ರಕ್ಕೆ ಬಂದು, ಯುರೋಪಿನ ಸರ್ವೋಚ್ಚ ದಂಡನಾಯಕರಾಗಿದ್ದ ಅಮೆರಿಕನ್ ಜನರಲ್ ಜಾರ್ಜ್ ಜೌಲ್ವನ್ ಅವರಿಗೆ ರಷ್ಯಾದ ಪಡೆಗಳ ಮಟ್ಟಿಗೆ ಉಪನಾಯಕರಾದರು. ರಷ್ಯಾದ ತುಕಡಿ ಅವರ ಮೂಲಕ ಆಜ್ಞೆ ಪಡೆಯಿತು. ನೆಲದ ಮೇಲೆ ದಿನನಿತ್ಯದ ಕೆಲಸದಲ್ಲಿ ತುಜ್ಲಾ ಕೇಂದ್ರದ, ಅಮೆರಿಕನ್ನರ ನೇತೃತ್ವದ ಉತ್ತರ ವಿಭಾಗದ ಜೊತೆ ಸಾಗಿತು. ಮಾಸ್ಕೋದ ಮಾನವೂ ಉಳಿಯಿತು, ಆಜ್ಞೆಯ ಸರಪಳಿಯೂ ಹರಿಯಲಿಲ್ಲ. ಅಮೆರಿಕ ಮತ್ತು ರಷ್ಯಾದ ಸೈನಿಕರು ಒಟ್ಟಿಗೆ ಗಸ್ತು ತಿರುಗಿದರು.

ಇದೇ ಬೋಸ್ನಿಯಾದಿಂದ ಹೊರಟ ಸುಮಾರು 200 ರಷ್ಯನ್ ಸೈನಿಕರು 1999ರ ಜೂನ್ 12ರ ಮುಂಜಾವಿನಲ್ಲಿ, ತಮ್ಮ ವಾಹನಗಳ ಮೇಲಿದ್ದ, ಬೋಸ್ನಿಯಾ ಪಡೆಯ ಹೆಸರಾದ ‘ಎಸ್‌ಫೋರ್’ ಅಕ್ಷರಗಳನ್ನು ಕೊಸೊವೊ ಪಡೆಯ ಹೆಸರಾದ ‘ಕೆಫೋರ್’ ಎಂದು ತಿದ್ದಿಕೊಂಡು, ನ್ಯಾಟೊ ಪಡೆಗಿಂತ ಮೊದಲೇ ಕೊಸೊವೊದ ಪ್ರಿಸ್ಟಿನಾ ವಿಮಾನ ನಿಲ್ದಾಣವನ್ನು ಹಿಡಿದರು. ರನ್‌ವೇಗಳನ್ನು ತಡೆಯಬೇಕೆಂಬ ನ್ಯಾಟೊ ದಂಡನಾಯಕ ಜನರಲ್ ವೆಸ್ಲಿ ಕ್ಲಾರ್ಕ್ ಅವರ ಆದೇಶವನ್ನು ಕೊಸೊವೊ ಪಡೆಯ ಮುಖ್ಯಸ್ಥರಾಗಿದ್ದ ಬ್ರಿಟಿಷ್ ಜನರಲ್ ಮೈಕ್ ಜಾಕ್ಸನ್ ಪಾಲಿಸಲಿಲ್ಲ. ರಷ್ಯಾದ ಹೆಚ್ಚುವರಿ ಪಡೆಗಳ ವಿಮಾನಗಳಿಗೆ ಹಂಗೇರಿ, ರೊಮೇನಿಯಾ, ಬಲ್ಗೇರಿಯಾ ತಮ್ಮ ವಾಯುಮಾರ್ಗ ತೆರೆಯಲಿಲ್ಲ. ವಾರದೊಳಗೆ ಹೆಲ್ಸಿಂಕಿಯಲ್ಲಿ ಒಪ್ಪಂದವಾಗಿ ಅದೇ ರಷ್ಯನ್ನರು ಕೊಸೊವೊದ ಜಂಟಿ ಪಡೆಗೂ ಸೇರಿದರು, 2003ರವರೆಗೂ ಇದ್ದರು. ಈ ಪ್ರಸಂಗವನ್ನು ಸಹಕಾರದ ವೈಫಲ್ಯಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುವುದು ವಾಡಿಕೆ. ನನಗೆ ಅದು ಇನ್ನೊಂದನ್ನು ತೋರಿಸುತ್ತದೆ: ಮಂಡಳಿ ಮುಚ್ಚಿಹೋಗಿದ್ದ ಅದೇ ತಿಂಗಳುಗಳಲ್ಲಿ, ಬೋಸ್ನಿಯಾದ ಕೆಲಸ ಮಾತ್ರ ನಿಲ್ಲಲಿಲ್ಲ.

ಎರಡನೆಯ ಉದಾಹರಣೆ ಸಮುದ್ರದಡಿಯದು. 2000ದ ಆಗಸ್ಟ್‌ನಲ್ಲಿ ಬ್ಯಾರೆಂಟ್ಸ್ ಸಮುದ್ರದಲ್ಲಿ ಕುರ್ಸ್ಕ್ ಜಲಾಂತರ್ಗಾಮಿ ಮುಳುಗಿ 118 ಮಂದಿ ಸತ್ತಾಗ, ರಷ್ಯಾ ವಿದೇಶಿ ನೆರವನ್ನು ಒಪ್ಪಿಕೊಳ್ಳಲು ಅಮೂಲ್ಯ ದಿನಗಳನ್ನು ಕಳೆಯಿತು. ಕೊನೆಗೆ ಬಾಗಿಲು ತೆರೆದದ್ದು ನಾರ್ವೆಯ ಮುಳುಗುಗಾರರು. 2003ರಲ್ಲಿ ನ್ಯಾಟೊ ಮತ್ತು ರಷ್ಯಾ ಜಲಾಂತರ್ಗಾಮಿ ರಕ್ಷಣೆಯ ಚೌಕಟ್ಟಿಗೆ ಸಹಿ ಹಾಕಿದವು. 2005ರ ಜೂನ್‌ನಲ್ಲಿ ಇಟಲಿಯ ಟಾರಂಟೊ ಕೊಲ್ಲಿಯಲ್ಲಿ ನಡೆದ ಸಾರ್ಬೆಟ್ ರಾಯಲ್ ತಾಲೀಮಿನಲ್ಲಿ ರಷ್ಯಾ ಭಾಗವಹಿಸಿತು. ಎರಡು ತಿಂಗಳೊಳಗೆ, ಆಗಸ್ಟ್ ಆರಂಭದಲ್ಲಿ, ಕಮ್ಚಟ್ಕಾ ಕರಾವಳಿಯಲ್ಲಿ ರಷ್ಯಾದ ಪ್ರಿಜ್ ಎಂಬ ಕಿರು ಜಲಾಂತರ್ಗಾಮಿಯೊಂದು ಸುಮಾರು 190 ಮೀಟರ್ ಆಳದಲ್ಲಿ ಬಲೆ, ಕೇಬಲ್‌ಗಳಿಗೆ ಸಿಕ್ಕಿಹಾಕಿಕೊಂಡಿತು. ಈ ಬಾರಿ ಮಾಸ್ಕೋ ತಡ ಮಾಡದೆ ಕರೆ ಕೊಟ್ಟಿತು. ಬ್ರಿಟಿಷ್ ನೌಕಾಪಡೆಯ ತಂಡ ಸ್ಕಾರ್ಪಿಯೊ ಎಂಬ ದೂರನಿಯಂತ್ರಿತ ಯಂತ್ರವನ್ನು ವಿಮಾನದಲ್ಲಿ ಹೊತ್ತೊಯ್ದು ಕೇಬಲ್‌ಗಳನ್ನು ಕತ್ತರಿಸಿತು. ಒಳಗಿದ್ದ ಏಳೂ ಮಂದಿ ಬದುಕಿ ಬಂದರು. ಸಹಕಾರದಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ ಇಷ್ಟು ನೇರವಾದ ಉತ್ತರ ಬೇರೆಡೆ ಸಿಗುವುದು ಕಷ್ಟ.

ಅಫ್ಘಾನಿಸ್ತಾನದ ಕೆಲಸಗಳು ಇಷ್ಟು ಹೃದಯಸ್ಪರ್ಶಿಯಲ್ಲ, ಆದರೆ ಗಾತ್ರದಲ್ಲಿ ದೊಡ್ಡವು. ರಷ್ಯಾದ ನೆಲದ ಮೂಲಕ ನ್ಯಾಟೊ ಸರಕು ಸಾಗಣೆಗೆ 2008ರಲ್ಲಿ ಒಪ್ಪಿಗೆ ದೊರೆಯಿತು, ಮಾದಕವಸ್ತು ತಡೆಗೆ ಮಧ್ಯ ಏಷ್ಯಾದ ಅಧಿಕಾರಿಗಳಿಗೆ ಜಂಟಿ ತರಬೇತಿ ನಡೆಯಿತು, ಅಫ್ಘನ್ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳ ನಿರ್ವಹಣೆಗೆ 2011ರಲ್ಲಿ ನಿಧಿಯೊಂದನ್ನು ಸ್ಥಾಪಿಸಲಾಯಿತು. 2014ರ ನಂತರ ಇವೆಲ್ಲ ಒಂದೊಂದಾಗಿ ನಿಂತವು; ಸಾಗಣೆಯ ದಾರಿಯನ್ನು ರಷ್ಯಾ 2015ರಲ್ಲಿ ಮುಚ್ಚಿತು.

ಈ ದಾರಿಯ ಅಪಾಯವನ್ನೂ ಹೇಳಬೇಕು. ಕೆಲಸದ ಸಹಕಾರ ಕ್ರಮೇಣ ವ್ಯಾಪಾರದ ಸಹಕಾರವಾಗಿ, ವ್ಯಾಪಾರ ಎಚ್ಚರವನ್ನು ಮಂಕಾಗಿಸಬಲ್ಲದು. ಜಾರ್ಜಿಯಾ ಯುದ್ಧ ನಡೆದು ಮೂರು ವರ್ಷವಾಗುವಷ್ಟರಲ್ಲಿ, 2011ರಲ್ಲಿ, ಫ್ರಾನ್ಸ್ ರಷ್ಯಾಕ್ಕೆ ಎರಡು ಮಿಸ್ಟ್ರಾಲ್ ಯುದ್ಧನೌಕೆಗಳನ್ನು ಮಾರಲು ಒಪ್ಪಂದ ಮಾಡಿಕೊಂಡಿತು. ತೀರದ ಮೇಲೆ ಸೇನೆ ಇಳಿಸುವುದಕ್ಕೆಂದೇ ಕಟ್ಟಿದ ನೌಕೆಗಳವು. ಕ್ರೈಮಿಯಾದ ನಂತರ 2015ರಲ್ಲಿ ಒಪ್ಪಂದ ರದ್ದಾಗಿ ಆ ನೌಕೆಗಳು ಈಜಿಪ್ಟ್ ಪಾಲಾದವು. ಬಾಲ್ಟಿಕ್ ದೇಶಗಳು ಮತ್ತು ಪೋಲೆಂಡ್ ‘ಪ್ರಾಯೋಗಿಕ ಸಹಕಾರ’ ಎಂಬ ಮಾತನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವುದು ಇಂಥ ನೆನಪುಗಳಿಂದಲೇ, ಮತ್ತು ಅವರ ಅನುಮಾನವನ್ನು ಬರಿಯ ಹಳೆಯ ಗಾಯವೆಂದು ಬದಿಗೆ ಸರಿಸುವುದು ನ್ಯಾಯವಲ್ಲ.

ನಾಲ್ಕನೆಯ ದಾರಿ: ಅಪಘಾತ ತಡೆಯುವ ನಿಯಮಗಳು

1970ರ ನವೆಂಬರ್‌ನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬ್ರಿಟನ್ನಿನ ಆರ್ಕ್ ರಾಯಲ್ ವಿಮಾನವಾಹಕ ನೌಕೆಯ ತಾಲೀಮನ್ನು ತೀರಾ ಹತ್ತಿರದಿಂದ ಹಿಂಬಾಲಿಸುತ್ತಿದ್ದ ಸೋವಿಯತ್ ನೌಕೆಯೊಂದು ಅದಕ್ಕೆ ಡಿಕ್ಕಿ ಹೊಡೆಯಿತು. ಸೋವಿಯತ್ ನಾವಿಕರು ನೀರುಪಾಲಾದರು. ಆ ವರ್ಷಗಳಲ್ಲಿ ಇಂಥ ಘಟನೆಗಳು ಪದೇ ಪದೇ ಆಗುತ್ತಿದ್ದವು. ಇದಕ್ಕೆ ಉತ್ತರವಾಗಿ 1972ರ ಮೇ 25ರಂದು ಅಮೆರಿಕದ ನೌಕಾ ಕಾರ್ಯದರ್ಶಿ ಜಾನ್ ವಾರ್ನರ್ ಮತ್ತು ಸೋವಿಯತ್ ಅಡ್ಮಿರಲ್ ಸೆರ್ಗೆಯ್ ಗೋರ್ಷ್ಕೋವ್ ಮಾಸ್ಕೋದಲ್ಲಿ ಸಮುದ್ರ ಘಟನೆಗಳ ಒಪ್ಪಂದಕ್ಕೆ ಸಹಿ ಹಾಕಿದರು. ಅದರಲ್ಲಿ ಸ್ನೇಹದ ಮಾತಿಲ್ಲ. ಒಬ್ಬರ ನೌಕೆಯತ್ತ ಇನ್ನೊಬ್ಬರು ಫಿರಂಗಿ ಗುರಿಯಿಟ್ಟು ದಾಳಿಯನ್ನು ಅಣಕಿಸಬಾರದು, ಅಪಾಯಕರ ತಾಲೀಮಿಗೆ ಮುಂಚಿತವಾಗಿ ತಿಳಿಸಬೇಕು, ವರ್ಷಕ್ಕೊಮ್ಮೆ ನೌಕಾಧಿಕಾರಿಗಳು ಕೂತು ಕಳೆದ ವರ್ಷದ ದೂರುಗಳನ್ನು ಪರಿಶೀಲಿಸಬೇಕು, ಇಷ್ಟೇ. ಮರುವರ್ಷದ ಅರಬ್–ಇಸ್ರೇಲ್ ಯುದ್ಧದಲ್ಲಿ ಎರಡೂ ನೌಕಾಬಲಗಳು ಮೆಡಿಟರೇನಿಯನ್‌ನಲ್ಲಿ ಮುಖಾಮುಖಿ ನಿಂತಾಗಲೂ ಈ ನಿಯಮಗಳು ಬಹುಮಟ್ಟಿಗೆ ಪಾಲನೆಯಾದವು. 1980ರ ದಶಕದ ಉತ್ತರಾರ್ಧದಲ್ಲಿ ಬ್ರಿಟನ್, ಪಶ್ಚಿಮ ಜರ್ಮನಿ, ಫ್ರಾನ್ಸ್, ಇಟಲಿ, ಕೆನಡಾ ಮುಂತಾದ ನ್ಯಾಟೊ ರಾಷ್ಟ್ರಗಳೂ ಸೋವಿಯತ್ ಒಕ್ಕೂಟದೊಂದಿಗೆ ಇದೇ ಮಾದರಿಯ ಒಪ್ಪಂದ ಮಾಡಿಕೊಂಡವು.

ನಂಬಿಕೆ ಇಲ್ಲದಾಗಲೂ ನಡೆಯುವ ವ್ಯವಸ್ಥೆ ಎಂದರೆ ಇದು. ಭಾರತೀಯ ಓದುಗರಿಗೆ ಇದು ಅಪರಿಚಿತವೂ ಅಲ್ಲ. ಭಾರತ ಮತ್ತು ಪಾಕಿಸ್ತಾನ 1988ರ ಒಪ್ಪಂದದಂತೆ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ, ಕಾರ್ಗಿಲ್ ನಂತರವೂ ಅದು ನಿಲ್ಲಲಿಲ್ಲ.

ಉಕ್ರೇನ್ ಯುದ್ಧದ ನಡುವೆಯೂ ಈ ಬಗೆಯ ತಂತುಗಳು ಪೂರ್ತಿ ಕಡಿದಿಲ್ಲ. 2022ರ ಮಾರ್ಚ್ ಆರಂಭದಲ್ಲೇ ಅಮೆರಿಕ ಮತ್ತು ರಷ್ಯಾದ ಸೇನೆಗಳು ಆಕಸ್ಮಿಕ ಘರ್ಷಣೆ ತಪ್ಪಿಸಲು ನೇರ ದೂರವಾಣಿ ಸಂಪರ್ಕ ಏರ್ಪಡಿಸಿಕೊಂಡವು. 2023ರ ಮಾರ್ಚ್ 14ರಂದು ಕಪ್ಪು ಸಮುದ್ರದ ಮೇಲೆ ರಷ್ಯಾದ ಸು-27 ವಿಮಾನ ಅಮೆರಿಕದ ಎಂಕ್ಯೂ-9 ಡ್ರೋನ್‌ಗೆ ತಗುಲಿ ಅದು ನೀರಿಗೆ ಬಿದ್ದಾಗ, ಮರುದಿನವೇ ರಕ್ಷಣಾ ಸಚಿವರಾದ ಲಾಯ್ಡ್ ಆಸ್ಟಿನ್ ಮತ್ತು ಸೆರ್ಗೆಯ್ ಶೊಯ್ಗು ಫೋನಿನಲ್ಲಿ ಮಾತನಾಡಿದರು. ನ್ಯಾಟೊದ ಸ್ಥಾಪಕ ಸದಸ್ಯನಾದ ನಾರ್ವೆಯ ಉದಾಹರಣೆ ಇನ್ನೂ ಗಟ್ಟಿಯಾದುದು. ರಷ್ಯಾದೊಂದಿಗೆ ಸುಮಾರು 200 ಕಿಲೋಮೀಟರ್ ಭೂಗಡಿ ಹಂಚಿಕೊಂಡಿರುವ ಈ ದೇಶ 1949ರಿಂದಲೂ ಶಾಂತಿಕಾಲದಲ್ಲಿ ತನ್ನ ನೆಲದಲ್ಲಿ ವಿದೇಶಿ ನೆಲೆಗಳನ್ನು ಇಡುವುದಿಲ್ಲವೆಂಬ ಸ್ವಯಂ ನಿರ್ಬಂಧವನ್ನು ಘೋಷಿಸಿಕೊಂಡು, ಅದೇ ಹೊತ್ತಿನಲ್ಲಿ ಮೈತ್ರಿಕೂಟದ ಕಣ್ಣು ಕಿವಿಯಾಗಿಯೂ ಕೆಲಸ ಮಾಡುತ್ತ ಬಂದಿದೆ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನಿನ ಪಾಲನ್ನು ಎರಡೂ ದೇಶಗಳ ಜಂಟಿ ಆಯೋಗ 1970ರ ದಶಕದಿಂದ ವರ್ಷವರ್ಷವೂ ನಿಗದಿಪಡಿಸುತ್ತಿದೆ. 2022ರ ನಂತರ ರಷ್ಯಾದ ಮೀನುಗಾರಿಕಾ ದೋಣಿಗಳಿಗೆ ನಾರ್ವೆ ಮೂರೇ ಬಂದರುಗಳನ್ನು ತೆರೆದಿಟ್ಟು ಉಳಿದವನ್ನು ಮುಚ್ಚಿದರೂ ಆಯೋಗದ ಕೆಲಸ ಮುಂದುವರಿಯಿತು.

ಕಪ್ಪು ಸಮುದ್ರದ ಧಾನ್ಯ ಒಪ್ಪಂದವನ್ನೂ ಇಲ್ಲಿ ನೆನೆಯಬೇಕು. 2022ರ ಜುಲೈ 22ರಂದು ಇಸ್ತಾಂಬುಲ್‌ನಲ್ಲಿ ರಷ್ಯಾ ಮತ್ತು ಉಕ್ರೇನ್ ಪರಸ್ಪರ ಒಂದೇ ಕಾಗದಕ್ಕೆ ಸಹಿ ಹಾಕಲಿಲ್ಲ. ಇಬ್ಬರೂ ಪ್ರತ್ಯೇಕವಾಗಿ ವಿಶ್ವಸಂಸ್ಥೆ ಮತ್ತು ನ್ಯಾಟೊ ಸದಸ್ಯನಾದ ಟರ್ಕಿಯೊಂದಿಗೆ ಸಹಿ ಹಾಕಿದರು. ಮರುವರ್ಷದ ಜುಲೈನಲ್ಲಿ ರಷ್ಯಾ ಹೊರನಡೆಯುವವರೆಗೆ ಸುಮಾರು 3.3 ಕೋಟಿ ಟನ್ ಆಹಾರಧಾನ್ಯ ಆ ದಾರಿಯಲ್ಲಿ ಸಾಗಿತು. ಮುಖ ನೋಡಲೂ ಒಪ್ಪದವರ ನಡುವೆ ಸಾಧ್ಯವಾದ ವ್ಯವಸ್ಥೆಯಿದು, ಒಂದು ವರ್ಷಕ್ಕಿಂತ ಹೆಚ್ಚು ಬಾಳದಿದ್ದರೂ.

ಈ ದಾರಿಯೂ ಸವೆಯದೆ ಉಳಿದಿಲ್ಲ. ಮಧ್ಯಮ ವ್ಯಾಪ್ತಿಯ ಕ್ಷಿಪಣಿ ಒಪ್ಪಂದ 2019ರ ಆಗಸ್ಟ್‌ನಲ್ಲಿ ಕೊನೆಗೊಂಡಿತು. ಪರಸ್ಪರರ ನೆಲದ ಮೇಲೆ ನಿಶ್ಶಸ್ತ್ರ ವೀಕ್ಷಣಾ ವಿಮಾನ ಹಾರಿಸಲು ಬಿಡುವ ತೆರೆದ ಆಕಾಶ ಒಪ್ಪಂದದಿಂದ ಅಮೆರಿಕ 2020ರಲ್ಲಿ, ರಷ್ಯಾ 2021ರಲ್ಲಿ ಹೊರಬಂದವು. 2010ರಲ್ಲಿ ಪ್ರಾಗ್‌ನಲ್ಲಿ ಸಹಿಯಾದ ದೂರವ್ಯಾಪ್ತಿಯ ಅಣ್ವಸ್ತ್ರಗಳಿಗೆ ಮಿತಿ ಹಾಕಿದ ನ್ಯೂ ಸ್ಟಾರ್ಟ್ ಒಪ್ಪಂದದ ಪಾಲನೆಯನ್ನು ರಷ್ಯಾ 2023ರಲ್ಲಿ ಅಮಾನತಿನಲ್ಲಿಟ್ಟಿತು, ಅದರ ವಿಸ್ತರಿತ ಅವಧಿಯೂ 2026ರ ಫೆಬ್ರುವರಿಯವರೆಗೆ ಮಾತ್ರ ಇತ್ತು. ಇನ್ನೊಂದು ಕಡೆ, 2025ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಡ್ರೋನ್‌ಗಳು ಪೋಲೆಂಡ್‌ನ ವಾಯುಪ್ರದೇಶ ಹೊಕ್ಕಾಗ ನ್ಯಾಟೊ ವಿಮಾನಗಳು ಅವುಗಳಲ್ಲಿ ಕೆಲವನ್ನು ಹೊಡೆದುರುಳಿಸಿದವು. ಅದೇ ತಿಂಗಳು ಮೂರು ಮಿಗ್-31 ವಿಮಾನಗಳು ಎಸ್ಟೋನಿಯಾದ ಆಕಾಶದಲ್ಲಿ 12 ನಿಮಿಷ ಇದ್ದವು. ನಿಯಮಗಳು ಕಡಿಮೆಯಾಗುತ್ತಿವೆ, ಮುಖಾಮುಖಿಗಳು ಹೆಚ್ಚುತ್ತಿವೆ. ಉದ್ದೇಶಪೂರ್ವಕವಾಗಿ ಗಡಿ ಪರೀಕ್ಷಿಸುವವನನ್ನು ಯಾವ ನಿಯಮವೂ ತಡೆಯದು ಎಂಬ ಆಕ್ಷೇಪ ಸರಿಯೇ. ಆದರೆ ಉದ್ದೇಶಪೂರ್ವಕವಾದುದನ್ನು ಆಕಸ್ಮಿಕದಿಂದ ಬೇರ್ಪಡಿಸಿ ತೋರಿಸಲು ನಿಯಮವಿರಲೇಬೇಕು. ಇಲ್ಲದಿದ್ದರೆ ಪ್ರತಿ ಉಲ್ಲಂಘನೆಯೂ ‘ತಪ್ಪಿ ಆಯಿತು’ ಎಂಬ ನೆಪದ ಮರೆಗೆ ಸರಿಯುತ್ತದೆ.

ಐದನೆಯ ದಾರಿ: ಕೇವಲ ತಡೆಬಲ

2022ರ ಮ್ಯಾಡ್ರಿಡ್ ಶೃಂಗಸಭೆಯಲ್ಲಿ ನ್ಯಾಟೊ ರಷ್ಯಾವನ್ನು ತನ್ನ ಸದಸ್ಯರ ಭದ್ರತೆಗೆ ಅತ್ಯಂತ ಗಂಭೀರ ಮತ್ತು ನೇರ ಬೆದರಿಕೆ ಎಂದು ಕರೆಯಿತು. 2023ರಲ್ಲಿ ಫಿನ್ಲೆಂಡ್, 2024ರಲ್ಲಿ ಸ್ವೀಡನ್ ಸದಸ್ಯರಾದವು; ಫಿನ್ಲೆಂಡ್ ಒಂದೇ ತನ್ನ 1,340 ಕಿಲೋಮೀಟರ್ ಗಡಿಯೊಂದಿಗೆ ನ್ಯಾಟೊ–ರಷ್ಯಾ ಭೂಗಡಿಯನ್ನು ದುಪ್ಪಟ್ಟಿಗಿಂತ ಹೆಚ್ಚು ಉದ್ದವಾಗಿಸಿತು. 2025ರ ಜೂನ್‌ನಲ್ಲಿ ಹೇಗ್‌ನಲ್ಲಿ, 2035ರ ಹೊತ್ತಿಗೆ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆ ಮತ್ತು ಅದಕ್ಕೆ ಸಂಬಂಧಿಸಿದ ಕ್ಷೇತ್ರಗಳಿಗೆ ವ್ಯಯಿಸುವ ಗುರಿಗೆ ಸದಸ್ಯರು ಒಪ್ಪಿದರು. ಈ ಬಲವಿಲ್ಲದೆ ಉಳಿದ ದಾರಿಗಳ ಬಗ್ಗೆ ಮಾತನಾಡುವುದು ವ್ಯರ್ಥ. ಅಷ್ಟರ ಮಟ್ಟಿಗೆ ಇದು ಆಯ್ಕೆಯೇ ಅಲ್ಲ, ಅಡಿಪಾಯ.

ಬಲವೊಂದೇ ಸಾಕೆಂಬ ವಾದ ಮಾತ್ರ ನ್ಯಾಟೊದ ಸ್ವಂತ ಇತಿಹಾಸಕ್ಕೆ ವಿರುದ್ಧವಾದುದು. ಬೆಲ್ಜಿಯಂನ ವಿದೇಶಾಂಗ ಸಚಿವ ಪಿಯೆರ್ ಹಾರ್ಮೆಲ್ ಅವರ ಹೆಸರಿನ 1967ರ ವರದಿ ಸೇನಾಬಲ ಮತ್ತು ಮಾತುಕತೆ ಪರಸ್ಪರ ವಿರುದ್ಧವಲ್ಲ, ಪೂರಕ ಎಂದಿತು. ಮರುವರ್ಷವೇ ಸೋವಿಯತ್ ಟ್ಯಾಂಕುಗಳು ಪ್ರಾಗ್ ಹೊಕ್ಕವು. ಆದರೂ ಆ ನೀತಿಯನ್ನು ಕೈಬಿಡಲಿಲ್ಲ. 1972ರ ಶಸ್ತ್ರ ಮಿತಿ ಒಪ್ಪಂದವೂ 1975ರ ಹೆಲ್ಸಿಂಕಿ ಒಡಂಬಡಿಕೆಯೂ ಅದರ ನಂತರ ಬಂದವು. ಮಾತು ನಿಂತಾಗ ಏನಾಗುತ್ತದೆ ಎಂಬುದಕ್ಕೆ 1983ರ ನವೆಂಬರ್‌ನ ಏಬಲ್ ಆರ್ಚರ್ ತಾಲೀಮು ಸಾಕ್ಷಿ: ನ್ಯಾಟೊದ ಒಂದು ಅಭ್ಯಾಸವನ್ನು ನಿಜವಾದ ಅಣು ದಾಳಿಯ ಸಿದ್ಧತೆಯೇ ಇರಬಹುದೆಂದು ಸೋವಿಯತ್ ಗುಪ್ತಚರ ವಲಯ ಶಂಕಿಸಿತ್ತು. ಮೂರು ವರ್ಷಗಳ ನಂತರ ಸ್ಟಾಕ್‌ಹೋಮ್‌ನಲ್ಲಿ, ದೊಡ್ಡ ತಾಲೀಮುಗಳಿಗೆ ಮುನ್ಸೂಚನೆ ಮತ್ತು ಸ್ಥಳ ತಪಾಸಣೆಯನ್ನು ಎರಡೂ ಕಡೆಯವರು ಒಪ್ಪಿಕೊಂಡರು.

ಯಾರಿಗೆ ಯಾವುದು

ಆಯ್ಕೆ ನಿಂತ ನೆಲವನ್ನು ಅವಲಂಬಿಸಿದೆ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿರುವವರಿಗೆ ಐದನೆಯ ದಾರಿಯೇ ಮೊದಲು ಕಾಣುವುದು ಸಹಜ, ಮತ್ತು ಅವರ ಒಪ್ಪಿಗೆಯಿಲ್ಲದೆ ನ್ಯಾಟೊ ಬೇರೇನನ್ನೂ ತೀರ್ಮಾನಿಸಲಾರದು. ಟರ್ಕಿಯ ಅಂಕಾರಾಕ್ಕೆ ಕೆಲಸದ ಸಹಕಾರ ಲಾಭದಾಯಕ. 2024ರ ಆಗಸ್ಟ್ 1ರಂದು 24 ಮಂದಿಯ ಕೈದಿ ವಿನಿಮಯ ನಡೆದದ್ದೂ ಅಲ್ಲೇ. ಸಮುದ್ರವನ್ನೂ ಮೀನನ್ನೂ ಹಂಚಿಕೊಂಡಿರುವ ನಾರ್ವೆಯ ಓಸ್ಲೊಗೆ ನಾಲ್ಕನೆಯದು ದಿನನಿತ್ಯದ ಅಗತ್ಯ. ಕೀವ್‌ಗೆ ಇವುಗಳಲ್ಲಿ ಯಾವುದೂ ನೇರವಾಗಿ ರಕ್ಷಣೆ ಕೊಡುವುದಿಲ್ಲ, ಮತ್ತು ನಾನು ಮುಂದಿಡುತ್ತಿರುವ ಆಯ್ಕೆಯ ದೊಡ್ಡ ಮಿತಿ ಇದೇ. ಸಮುದ್ರದ ಮೇಲೆ ನೌಕೆಗಳು ಎಷ್ಟು ದೂರದಲ್ಲಿರಬೇಕೆಂದು ಹೇಳುವ ನಿಯಮ, ಉಕ್ರೇನ್ ಯಾವ ಕೂಟಕ್ಕೆ ಸೇರಬಹುದೆಂಬ ಪ್ರಶ್ನೆಗೆ ಉತ್ತರಿಸದು. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನಲ್ಲಿ ನ್ಯಾಟೊ ಶೃಂಗಸಭೆ ಉಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಎಂದು ಘೋಷಿಸಿ, ದಾರಿಯನ್ನಾಗಲಿ ದಿನಾಂಕವನ್ನಾಗಲಿ ಕೊಡದೆ ಬಿಟ್ಟದ್ದು ಎರಡೂ ಲೋಕಗಳ ಕೆಟ್ಟದ್ದನ್ನು ಒಟ್ಟುಗೂಡಿಸಿತು: ರಷ್ಯಾದ ಕೋಪ ಬಂತು, ನ್ಯಾಟೊದ ರಕ್ಷಣೆ ಬರಲಿಲ್ಲ. ಆ ಪ್ರಶ್ನೆಯನ್ನು ಉಕ್ರೇನ್ ಕುಳಿತಿರುವ ಸಭೆಯಲ್ಲೇ ಬಗೆಹರಿಸಬೇಕಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಬೇಕೆಂದು ತೋರುತ್ತದೆ. ತಡೆಬಲವನ್ನು ಹಾಗೆಯೇ ಇಟ್ಟುಕೊಂಡು, ಮೊದಲು ಬಾಲ್ಟಿಕ್ ಮತ್ತು ಕಪ್ಪು ಸಮುದ್ರಗಳಿಗೆ 1972ರ ಮಾದರಿಯ ನಿಯಮಗಳನ್ನು ನವೀಕರಿಸುವುದು, ಅದರಲ್ಲಿ ಆ ಕಾಲದಲ್ಲಿ ಇಲ್ಲದಿದ್ದ ಡ್ರೋನ್‌ಗಳನ್ನೂ ಸಮುದ್ರದಡಿಯ ಕೇಬಲ್‌ಗಳನ್ನೂ ಸೇರಿಸುವುದು. ನಂತರ 9,000 ಸೈನಿಕರಿಗೆ ಮೀರಿದ ತಾಲೀಮುಗಳನ್ನು ಮುಂಚಿತವಾಗಿ ತಿಳಿಸಬೇಕೆನ್ನುವ ವಿಯೆನ್ನಾ ದಾಖಲೆಗೆ ಮರುಜೀವ ಕೊಡುವುದು. ಆ ಬಳಿಕವಷ್ಟೇ ಸಮುದ್ರ ರಕ್ಷಣೆ, ನೆಲಬಾಂಬ್ ತೆರವು, ಕೈದಿ ವಿನಿಮಯದಂತಹ ಕೆಲಸಗಳು. ಮಂಡಳಿಯ ಮಾತು ಕೊನೆಯದು. ಪ್ರತಿ ಹಂತವೂ ಹಿಂದಿನದು ಪರಿಶೀಲನೆಗೆ ಸಿಕ್ಕಿ ಪಾಲನೆಯಾಗಿದೆಯೆಂದು ಖಚಿತವಾದ ಮೇಲೆ ಬರಬೇಕು, ಮತ್ತು ಕೆಳಗಿನ ಹಂತವನ್ನು ಮೇಲಿನ ಹಂತದ ಜಗಳಕ್ಕೆ ಒತ್ತೆಯಿಡಬಾರದು. ಕದನವಿರಾಮದ ನಂತರದ ವರ್ಷದಲ್ಲಿ ಸಂಬಂಧ ಎತ್ತ ಸಾಗುತ್ತಿದೆಯೆಂದು ತಿಳಿಯಬಯಸುವವರು ಗಮನಿಸಬೇಕಾದದ್ದು, ನ್ಯಾಟೊ ದೇಶವೊಂದರ ತಪಾಸಣಾ ತಂಡ ವಿಯೆನ್ನಾ ದಾಖಲೆಯಡಿ, ಪೋಲೆಂಡ್ ಮತ್ತು ಲಿಥುವೇನಿಯಾ ನಡುವೆ ಇರುವ ರಷ್ಯಾದ ತುಣುಕು ಪ್ರದೇಶವಾದ ಕಲಿನಿನ್‌ಗ್ರಾಡ್‌ಗೆ ಹೋಗಿ ಬಂತೇ, ರಷ್ಯಾದ ತಂಡ ಲಿಥುವೇನಿಯಾಕ್ಕೆ ಹೋಗಿ ಬಂತೇ ಎಂಬ, ಪತ್ರಿಕೆಗಳ ಒಳಪುಟದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಸುದ್ದಿಯನ್ನು.